ಏನೂ ಇಲ್ಲದ ಜಾಗ

“ಏನ್ರೇ ಮುಂಡೇರಾ, ಪೊರಕೆ ಹಿಡ್ಕೊಂಡು ನಿದ್ದೆ ಮಾಡ್ತೀರಾ? ನಾಳೆ ಸಾಹೇಬ್ರು ಬರ್ತಾರೆ. ಅವ್ರ ಬೂಟಿಗೆ ಒಂದು ಎಲೆ ತಾಗಿದ್ರೂ ನಿಮ್ಮ ಚರ್ಮ ಸುಲಿದ್ಬಿಡ್ತೀನಿ!”

ಇವನು ನಮ್ಮ ಮೇಸ್ತ್ರಿ. ಅವನ ಬಾಯಲ್ಲಿ ಇದು ನಮಸ್ಕಾರ ಇದ್ದ ಹಾಗೆ. ನಾನು, ನಮ್ಮತ್ತೆ, ಇನ್ನೊಂದಷ್ಟು ಹೆಂಗಸರು ಈ ಊರಿನ ಬೀದಿ ಗುಡಿಸುವವರು. ಅತ್ತೆಯ ಬಗ್ಗಿದ ಸೊಂಟ ಈಗ ನೆಟ್ಟಗಾಗುವುದಿಲ್ಲ. “ಒಳ್ಳೇದೇ ಆಯ್ತು, ಯಾವ ನಾಯಿಮಗನ ಮುಖಾನೂ ನೋಡೋ ಹಾಗಿಲ್ಲ” ಅನ್ನುತ್ತಾಳೆ. ಸಾಹೇಬರು ಬರುವ ಜಾಗ ಹೇಗಿರಬೇಕು ಅನ್ನುವುದು ನಮಗೆ ಬಾಯಿಪಾಠ. ಎಲೆ ಇರಬಾರದು, ಕಡ್ಡಿ ಇರಬಾರದು, ಎರಡೂ ಬದಿಗೆ ಬ್ಲೀಚಿಂಗ್ ಪುಡಿಯ ಬಿಳಿ ಗೆರೆ ಇರಬೇಕು. ಕೊನೆಗೆ ನಾವೂ ಇರಬಾರದು, ಗೋಡೆಯ ಹಿಂದಕ್ಕೆ ಹೋಗಬೇಕು.

ಈ ಸಲ ಸಾಹೇಬರು ಬರುತ್ತಿದ್ದುದು ಮಣ್ಣಿನ ಶಾಲೆಗೆ. ಬೋರ್ಡಿನಲ್ಲಿ ‘ಮಕ್ಕಳ ಪರಿಸರ ಕಲಿಕಾ ಕೇಂದ್ರ’ ಅಂತಿದೆ. ಬೆಂಚಿಲ್ಲ, ಕ್ಲಾಸಿಲ್ಲ. ಒಂದು ಕೊಳ, ಒಂದಷ್ಟು ಮರ, ಪೊದೆ, ಕೊಳೆತು ಬಿದ್ದ ಒಂದು ದಿಮ್ಮಿ. ಊರಿನ ಎಲ್ಲ ಶಾಲೆಗಳ ಮಕ್ಕಳೂ ಸರದಿಯ ಮೇಲೆ ಬಂದು, ಕೆಸರಿಗೆ ಕೈ ಹಾಕಿ, ಕಪ್ಪೆಮರಿ ನೋಡಿ, ಹುಳ ಹಿಡಿದು, ಬಿಟ್ಟು ಹೋಗುತ್ತಾರೆ. ಅದನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಬೇಕು ಅಂತ ಮೇಲಿನವರ ಆಸೆ. ಸಾಹೇಬರು ನೋಡಿ ಇರಲಿ ಅಂದರೆ ಮಾತ್ರ ಇರುತ್ತದೆ.

ಇರಬೇಕು ಅಂತ ನಾನು ಎಷ್ಟು ಹಂಬಲಿಸಿದೆ ಅಂದರೆ ಹೇಳತೀರದು. ನನ್ನ ಮಗಳನ್ನು ನಾವು ಪಟಾಕಿ ಅನ್ನುತ್ತೇವೆ, ಬಾಯಿ ಹಾಗಿದೆ. ಅವಳ ಶಾಲೆಯಲ್ಲಿ “ಕೈ ತೊಳ್ಕೊಂಡು ಬಂದಿದ್ದೀಯಾ?” ಅಂತ ಕೇಳುವುದು ಅವಳೊಬ್ಬಳನ್ನೇ. ಸಾಲಿನಲ್ಲಿ ನಿಂತಾಗ ಯಾರೂ ಅವಳ ಕೈ ಹಿಡಿಯುವುದಿಲ್ಲ. ಮಣ್ಣಿನ ಶಾಲೆಯಲ್ಲಿ ಎಲ್ಲರ ಕೈಯೂ ಮೊಣಕೈವರೆಗೆ ಕೆಸರು. ಅಲ್ಲಿ ಡಾಕ್ಟರ ಮಗಳು ಇವಳ ಕೈ ಹಿಡಿದು ದಿಮ್ಮಿ ಹತ್ತಿದ್ದಳಂತೆ. ಅವತ್ತು ಕೈ ತೊಳೆಯಲ್ಲ ಅಂತ ಹಟ ಹಿಡಿದು ಕೂತಳು. ಎರಡೇಟು ಹಾಕಿ ತೊಳೆಸಿದೆ. ಆಮೇಲೆ ನನ್ನ ಕರುಳು ಕಿತ್ತು ಬಂತು.

ಮೇಸ್ತ್ರಿ ಹೇಳಿದ್ದು ಹೊರಗಿನ ದಾರಿ ಗುಡಿಸಲು. ಒಳಗೆ ಗುಡಿಸಿ ಅಂತ ಯಾರೂ ಹೇಳಲಿಲ್ಲ. ನಾವೇ ಹೋದೆವು. ಅದನ್ನು ನಡೆಸುವ ಟೀಚರಮ್ಮ ಇರಲಿಲ್ಲ, ಜಾಗ ಉಳಿಸಿಕೊಡಿ ಅಂತ ಯಾರದೋ ಕೈಕಾಲು ಹಿಡಿಯಲು ಹೋಗಿದ್ದರು.

“ಪಾಪ, ಒಂಟಿ ಹೆಂಗ್ಸು, ಎಷ್ಟಂತ ಮಾಡ್ತಾಳೆ? ಕೊಳದ ತುಂಬಾ ಪಾಚಿ, ಕಾಲಿಟ್ಟಲ್ಲೆಲ್ಲಾ ಎಲೆ. ಈ ಗಲೀಜು ನೋಡಿದ್ರೆ ಸಾಹೇಬ ಮುಚ್ಚೇ ಬಿಡ್ತಾನೆ ಕಣೇ,” ಅಂದಳು ಅತ್ತೆ.

ಟೊಂಕ ಕಟ್ಟಿ ನಿಂತೆವು. ಬೈಗುಳವಿಲ್ಲದೆ ನಾವು ಮಾಡಿದ ಕೆಲಸ ಅದೊಂದೇ. ಎಲೆ ರಾಶಿ ಎತ್ತಿದೆವು. ಪೊದೆ ಸವರಿದೆವು. ಪಾಚಿ, ಕೆಸರು ಎಲ್ಲ ಬಾಚಿ ತಳ್ಳುಗಾಡಿಗೆ ತುಂಬಿದೆವು. ದಿಮ್ಮಿಯನ್ನು ಉರುಳಿಸಿ ಅದರ ಮೇಲೆ ಹೇರಿದೆವು. ಕೊನೆಗೆ ಅತ್ತೆ “ನೀರೂ ಬೆಳ್ಳಗಾಗ್ಲಿ” ಅಂತ ಕೊಳಕ್ಕೆ ಒಂದು ಬಕೆಟ್ ಬ್ಲೀಚಿಂಗ್ ಸುರಿದಳು. ಗಾಡಿಯನ್ನು ಗೋಡೆಯ ಹಿಂದೆ ನಿಲ್ಲಿಸಿ, ನಗುನಗುತ್ತಾ ಮನೆಗೆ ಹೋದೆವು.

ಬೆಳಿಗ್ಗೆ ಟೀಚರಮ್ಮ ಬಂದರು. ನಾವು ಹಲ್ಲು ಕಿರಿಯುತ್ತಾ ನಿಂತಿದ್ದೆವು. ಅವರು ನೆಲ ನೋಡಿದರು, ಕೊಳ ನೋಡಿದರು, ದಿಮ್ಮಿ ಇದ್ದ ಜಾಗದಲ್ಲಿ ಕುಸಿದು ಕೂತರು. ಬೈದಿದ್ದರೆ ಚೆನ್ನಾಗಿತ್ತು.

“ಎಷ್ಟು ಕಷ್ಟಪಟ್ಟಿದ್ದೀರಲ್ಲಾ ಅಕ್ಕಾ,” ಅಂದರು, ಅಷ್ಟೆ.

ನನ್ನ ಜೊತೆ ಬಂದಿದ್ದ ಪಟಾಕಿ ಕೊಳಕ್ಕೆ ಬಗ್ಗಿ ನೋಡಿ ಬಂದಳು. “ಅಮ್ಮಾ, ಕಪ್ಪೆಮರಿ ಎಲ್ಲಾ ಸತ್ತೋಗಿವೆ. ಯಾರು ಬ್ಲೀಚಿಂಗ್ ಹಾಕಿದ್ದು?”

ಅತ್ತೆ ಖಾಲಿ ಬಕೆಟ್ಟನ್ನು ಕಾಲಿನಿಂದ ಹಿಂದಕ್ಕೆ ಸರಿಸಿದಳು.

ಅಷ್ಟರಲ್ಲಿ ಸಾಹೇಬರ ಕಾರು ಬಂತು. ಮೇಸ್ತ್ರಿ ನಮ್ಮನ್ನು ಗೋಡೆಯ ಹಿಂದಕ್ಕೆ ಅಟ್ಟಿದ. ಗಾಡಿಯ ಪಕ್ಕ ನಿಂತು ಕೇಳಿಸಿಕೊಂಡೆವು.

“ಏನ್ರೀ ಇದೆ ಇಲ್ಲಿ? ಹುಳ ಅಂತೀರಿ, ಕಪ್ಪೆ ಅಂತೀರಿ. ಏನೂ ಇಲ್ಲ.”

“ಸರ್, ನಿನ್ನೆವರೆಗೂ ಇತ್ತು...”

“ಸುಮ್ನಿರಮ್ಮಾ, ಕಣ್ಣಿಗೆ ಕಾಣ್ತಾ ಇದೆಯಲ್ಲ. ಒಂದು ಮಾತ್ರ ಮೆಚ್ಚಬೇಕು, ನೀಟಾಗಿದೆ. ಕಾರು ನಿಲ್ಸೋಕೆ ನೆಲ ರೆಡಿನೇ ಇದೆ.”

“ನಮ್ಮ ಹೆಂಗಸ್ರೇ ಮಾಡಿದ್ದು ಸಾರ್, ಹೆಹ್ಹೆ,” ಅಂದ ಮೇಸ್ತ್ರಿ. ನಮಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಕಾರು ಹೋಯಿತು. ಗಾಡಿಯೊಳಗೆ ಏನೋ ವಟಗುಟ್ಟಿತು. ಪಟಾಕಿ ಎಲೆ ಸರಿಸಿದಳು. ಕಪ್ಪೆ. ಅದರ ಕೆಳಗೆ ಇನ್ನೊಂದು. ದಿಮ್ಮಿಯ ಬಿರುಕಿನಿಂದ ಒಂದು ಜರಿಹುಳ ನಿಧಾನವಾಗಿ ಇಳಿದು ಬರುತ್ತಿತ್ತು.

“ಅಜ್ಜೀ, ಇವೆಲ್ಲಾ ಇಲ್ಲೇ ಇವೆ!”

ಅತ್ತೆ ಕಣ್ಣೊರೆಸಿಕೊಂಡಳು. “ಏನೂ ಇಲ್ಲ ಅಂದ್ನಲ್ಲಾ ಬೋಳಿಮಗ. ಹಿಡಿಯೇ ಗಾಡೀನ.”

ಗಾಡಿ ತಳ್ಳಿಕೊಂಡು ಸಾಹೇಬರ ಆಫೀಸಿಗೆ ಹೋದೆವು. ಬಾಗಿಲಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ. ಕೈಯಲ್ಲಿ ಪೊರಕೆ ಇದ್ದರೆ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಹೇಬರು ಟೀ ಕುಡಿಯುತ್ತಿದ್ದರು. ಅವರ ಮೇಜಿನ ಮುಂದೆ, ಜಮಖಾನದ ಮೇಲೆ, ಗಾಡಿಯನ್ನು ಮಗುಚಿದೆವು. ಕೆಸರು, ಪಾಚಿ, ಎಲೆ, ದಿಮ್ಮಿ, ಎಲ್ಲ.

“ಏಯ್! ಏಯ್! ಏನಿದು!”

“ನೋಡ್ಕೊಳ್ಳಿ ಸ್ವಾಮಿ,” ಅಂದೆ. “ನೀವು ಬಂದಾಗ ಇವೂ ಗೋಡೆ ಹಿಂದೆ ಇದ್ವು, ನಮ್ಮ ಜೊತೆ.”

ಕಪ್ಪೆಯೊಂದು ಮೇಜು ಹತ್ತಿತು. ಸಾಹೇಬರು ಕುರ್ಚಿ ಹತ್ತಿದರು. ಮೇಸ್ತ್ರಿ ಓಡಿ ಬಂದ. “ಗುಡಿಸ್ರೇ ಸೂಳೇರಾ! ಎಲ್ರ ಕೆಲ್ಸಾನೂ ಹೋಗುತ್ತೆ, ಗುಡಿಸ್ರೇ!”

ಅತ್ತೆ ಪೊರಕೆಯನ್ನು ಅವನ ಕಾಲ ಬುಡಕ್ಕೆ ಎಸೆದಳು. ನಾವೂ ಎಸೆದೆವು. “ನೀನೇ ಗುಡಿಸಪ್ಪಾ. ಚರ್ಮ ಸುಲಿಯೋನಿಗೆ ಇದೇನು ಮಹಾ?”

ಅವನು ಒಂದನ್ನು ಎತ್ತಿಕೊಂಡ. ಹಿಡಿಯುವುದು ಯಾವ ಕಡೆ ಅಂತ ಗೊತ್ತಾಗದೆ ತಿರುಗಿಸಿ ತಿರುಗಿಸಿ ನೋಡಿದ.

ನಾವು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಒಳಗೆ ಸಾಹೇಬರು ಪೊಲೀಸರಿಗೆ ಫೋನು ಮಾಡುತ್ತಿದ್ದರು. “ಕಪ್ಪೆ ರೀ, ಕಪ್ಪೆ! ಹುಳ! ಎಷ್ಟು ಅಂತ ಹೇಳ್ಲಿ? ಎಲ್ಲಿ ನೋಡಿದ್ರೂ ಇವೆ ರೀ!”

“ಈಗ ಕಂಡ್ವು ನೋಡು,” ಅಂದಳು ಅತ್ತೆ.

ಬೀದಿಯ ತುದಿಯಲ್ಲಿ ಜೀಪಿನ ಸದ್ದು ಕೇಳಿಸಿತು. ಪಟಾಕಿ ತನ್ನ ಕೆಸರು ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು. ನಾವು ಯಾರೂ ಏಳಲಿಲ್ಲ.