ಹುಲಿಯ ಮುಖ ಯಾರೂ ನೋಡಿರಲಿಲ್ಲ

ಆ ವರ್ಷ ನನ್ನ ತಮ್ಮ ಗುರುಸಿದ್ದನಿಗೆ ಎರಡು ಹೆಸರಿದ್ದವು. ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ಅವನು ಬರೀ ಗುರುಸಿದ್ದ, ಹಾಲು ತಾ ಅಂದರೆ ಹತ್ತು ಸಲ ಕೂಗಿಸಿಕೊಂಡು ಏಳುವ ಸೋಂಬೇರಿ. ಆಗಿನ ಆರ್ಕುಟ್ ಜಾಲತಾಣದಲ್ಲಿ ಅವನೇ ‘ಹುಲಿ’. ‘ಚನ್ನಬಸವಣ್ಣನ ಹುಡುಗರು’ ಅನ್ನುವ ಕಮ್ಯುನಿಟಿಯಲ್ಲಿ ಹುಲಿ ಇವತ್ತು ಏನು ಬರೆಯುತ್ತಾನೋ ಅಂತ ಸಾವಿರಾರು ಜನ ಕಾಯುತ್ತಿದ್ದರಂತೆ. ನಾನು ಹಾಲಿಗೆ ಕಾಯುತ್ತಿದ್ದೆ.

ಅದು ಎರಡು ಸಾವಿರದ ಎಂಟರ ವಿಧಾನಸಭೆ ಚುನಾವಣೆ. ಈ ಹುಡುಗರ ಚನ್ನಬಸವಣ್ಣ ಅಂದರೆ ಚನ್ನಬಸವಯ್ಯ, ಬನಶಂಕರಿಯ ಸಿಮೆಂಟ್ ವ್ಯಾಪಾರಿ, ಪಕ್ಷೇತರನಾಗಿ ನಿಂತಿದ್ದ. ಆ ಮನುಷ್ಯನಿಗೆ ಕಂಪ್ಯೂಟರ್ ಆನ್ ಮಾಡಲೂ ಬರುತ್ತಿರಲಿಲ್ಲ. ಈ ಹುಡುಗರನ್ನು ಅವನು ಕರೆದವನಲ್ಲ, ಒಂದು ಲೋಟ ಕಾಫಿ ಕುಡಿಸಿದವನೂ ಅಲ್ಲ. ತಾವಾಗಿಯೇ ಬಂದು ಸೇರಿದರು. ಘೋಷಣೆ ಅವರೇ ಬರೆದರು, ಪೋಸ್ಟರ್ ಅವರೇ ಮಾಡಿದರು, ಶತ್ರುಗಳನ್ನೂ ಅವರೇ ಹುಡುಕಿಕೊಂಡರು. ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಪ್ರೊಫೈಲಿನಲ್ಲಿ ಸ್ವಂತ ಫೋಟೋ ಹಾಕಿಕೊಳ್ಳುವವನು ಅಣ್ಣನ ಭಕ್ತನೇ ಅಲ್ಲ ಅಂತ ಯಾವನೋ ಒಬ್ಬ ಬರೆದ. ಅಷ್ಟಕ್ಕೇ ಎಲ್ಲರೂ ತಮ್ಮ ಮುಖ ತೆಗೆದು ಚನ್ನಬಸವಯ್ಯನ ಮೀಸೆಯ ಮುಖ ಅಂಟಿಸಿಕೊಂಡರು.

“ಎಲ್ಲಾರೂ ಒಂದ ಅಚ್ಚಿನ ಗೊಂಬಿ ಕಂಡಂಗ ಕಾಣ್ತೀರಿ. ನಾಳೆ ಎದುರಿಗೆ ಬಂದ್ರ ಹೆಂಗ ಗುರುತು ಹಿಡೀತೀರೋ?” ಅಂತ ಕೇಳಿದ್ದೆ.

“ಮಧುಮತಕ್ಕಾ, ಮನಸ್ಸು ಒಂದ ಇದ್ರ ಸಾಕು, ಮುಖ ಯಾಕ ಬೇಕು?” ಅಂದಿದ್ದ. ಮಹಾ ಜ್ಞಾನಿ.

ಎದುರು ಅಭ್ಯರ್ಥಿಯ ಕಡೆ ಸೀನು ಅನ್ನುವವನಿದ್ದ. ಶ್ರೀನಗರದವನು. ತನ್ನ ಫೋಟೋ ಬದಲು ಒಂದು ಕತ್ತೆಯ ಚಿತ್ರ ಹಾಕಿಕೊಂಡು ಎಲ್ಲರನ್ನೂ ಕೆಣಕುತ್ತಿದ್ದ. ಚನ್ನಬಸವಯ್ಯನ ಭರವಸೆಗಳಲ್ಲಿ ಅವನ ಸಿಮೆಂಟಿನ ಹಾಗೆ ಮುಕ್ಕಾಲು ಪಾಲು ಬೂದಿ ಅಂತ ಬರೆದ. ಹುಲಿ ಉರಿದುಬಿದ್ದ. ಧೈರ್ಯವಿದ್ದರೆ ಎದುರಿಗೆ ಬಾ ಅಂದ. ಶನಿವಾರ ಸಂಜೆ ಬನಶಂಕರಿ ಬಸ್ ಸ್ಟ್ಯಾಂಡ್ ಎದುರಿನ ಬೇಕರಿಗೆ ಬಾರಪ್ಪಾ, ಪಫ್ಸ್ ಕೊಡಿಸ್ತೀನಿ ಅಂತ ಸೀನು ಉತ್ತರ ಕೊಟ್ಟ.

ಮುಂದಿನದನ್ನೆಲ್ಲ ನಾನು ಆಮೇಲೆ ಕೂತು ಓದಿದೆ. ತಾನು ಮೊದಲೇ ಹೋಗಿ ಕೂತಿರುತ್ತೇನೆ, ಸೀನು ಬಂದಾಗ ಕಾಲರ್ ಹಿಡಿಯುತ್ತೇನೆ, ಆಗ ನೀವು ಬನ್ನಿ, ಕ್ಷಮೆ ಕೇಳಿಸೋಣ ಅಂತ ನನ್ನ ತಮ್ಮ ಬರೆದಿದ್ದ. ಅದರ ಕೆಳಗೆ ಒಬ್ಬ ಕ್ರಿಕೆಟ್ ಸ್ಟಂಪ್ ತರುತ್ತೇನೆ ಅಂದ. ಇನ್ನೊಬ್ಬ, ಟೈಪ್ ಮಾಡುವ ಕೈ ಮುರಿಯಬೇಕು ಅಂದ. ಮೇಲಿನದನ್ನು ಓದುವ ವ್ಯವಧಾನ ಯಾರಿಗಿತ್ತು? ಕೊನೆಗೆ ಬಂದವನೊಬ್ಬ, “ಬೇಕರಿ ಬೆಂಚ್ ಮೇಲೆ ಒಬ್ನೇ ಕೂತಿರ್ತಾನೆ, ನೋಡಿದ ತಕ್ಷಣ ಶುರು ಹಚ್ಕೊಳ್ಳಿ” ಅಂತ ಬರೆದ. ಎಲ್ಲರ ಮೊಬೈಲಿಗೂ ಮೆಸೇಜಾಗಿ ಹೋದದ್ದು ಅದೊಂದೇ ಸಾಲು.

ನಾನು ಶ್ರೀನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದೆ. ದಿನಾ ಬನಶಂಕರಿಯಲ್ಲಿ ಇಳಿದು ಬಿಟಿಎಂ ಬಸ್ ಹಿಡಿಯಬೇಕು. ಬೇಕರಿ ಹತ್ತಿರ ಇರುತ್ತೇನೆ, ಒಟ್ಟಿಗೆ ಮನೆಗೆ ಹೋಗೋಣ ಅಂತ ತಮ್ಮ ಹೇಳಿದ್ದ. ಬಸ್ಸಿನಿಂದ ಇಳಿದಾಗ ಅವನು ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಸೀನು ಇನ್ನೂ ಬಂದಿರಲಿಲ್ಲ. ನಾನು ರಸ್ತೆ ದಾಟಲು ನಿಂತಿದ್ದಾಗಲೇ ನಾಲ್ಕೂ ಕಡೆಯಿಂದ ಬೈಕುಗಳು ಬಂದವು.

“ಇವ್ನೇ ಮಗಾ!” ಅಂತ ಒಬ್ಬ ಕೂಗಿದ. ಹೆಲ್ಮೆಟ್ಟು ತಮ್ಮನ ಮುಖಕ್ಕೆ ಅಪ್ಪಳಿಸಿತು.

ಮೂಗಿನಿಂದ ರಕ್ತ ಬುಳುಬುಳು ಸುರಿಯಿತು. ಅವನು ಬೆಂಚಿನಿಂದ ಉರುಳಿದ. ಸ್ಟಂಪ್ ಹಿಡಿದವನು ಮಂಡಿಗೆ ಬಾರಿಸಿದ. ಇನ್ನೊಬ್ಬ ಬಾವುಟದ ಬಿದಿರಿನ ಕೋಲಿನಿಂದ ಬೆನ್ನಿಗೆ ಹೊಡೆಯುತ್ತಲೇ ಇದ್ದ, ಕೋಲಿನ ತುದಿಯಲ್ಲಿ ಚನ್ನಬಸವಯ್ಯನ ಬಾವುಟ ಪಟಪಟ ಅನ್ನುತ್ತಿತ್ತು. ಒಬ್ಬ ದಪ್ಪ ಹುಡುಗ ಅವನ ಬಲಗೈಯನ್ನು ಬೆಂಚಿನ ಮೇಲಿಟ್ಟು ಬೂಟುಗಾಲಿನಿಂದ ತುಳಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಇವತ್ತಿಗೂ ಎಲ್ಲಾದರೂ ಒಣಕಡ್ಡಿ ಲಟಕ್ಕೆಂದರೆ ಕೈಯಲ್ಲಿದ್ದದ್ದು ಬೀಳುತ್ತದೆ.

ಬಾಯಿ ತುಂಬ ರಕ್ತ ತುಂಬಿಕೊಂಡು ನನ್ನ ತಮ್ಮ ಕೂಗಿದ: “ಚನ್ನಬಸವಣ್ಣಂಗೆ ಜೈ! ನಾನು ನಿಮ್ಮಾಂವ! ನಾನ ಹುಲಿ!”

“ನೋಡ್ರೋ, ಒದೆ ಬಿದ್ಮೇಲೆ ಜೈ ಅಂತಾನೆ ನನ್ಮಗ! ಹುಲಿ ಹೆಸರು ಬೇರೆ ಹೇಳ್ತಾನೆ!” ಅಂದು ಇನ್ನೂ ಜೋರಾಗಿ ಹೊಡೆದರು. ಅವನು ಜೈ ಅಂದಷ್ಟೂ ಹೊಡೆದರು. ಅವರೂ ಅದೇ ಜೈಕಾರ ಹಾಕುತ್ತ ಹೊಡೆದರು.

ನಾನು ನುಗ್ಗಿದೆ. ಒಬ್ಬನ ಕೂದಲು ಹಿಡಿದು ಎಳೆದೆ, ಇನ್ನೊಬ್ಬನ ತೋಳು ಕಚ್ಚಿದೆ. “ಬಿಡ್ರೋ, ಅಂವ ನಿಮ್ಮ ಹುಲಿ, ನನ್ನ ತಮ್ಮ!” ಅಂತ ಗಂಟಲು ಹರಿಯುವ ಹಾಗೆ ಕಿರುಚಿದೆ. ಯಾರಿಗೆ ಹೇಳುವುದು? ನಿಲ್ಲಿಸಿ ಅನ್ನಬೇಕಾದವನು ಅಲ್ಲಿ ಯಾರಿದ್ದ? ದಪ್ಪ ಹುಡುಗ ನನ್ನನ್ನು ಗೋಡೆಗೆ ತಳ್ಳಿದ. ಸುತ್ತ ನಿಂತ ಜನ ನೋಡುತ್ತಲೇ ಇದ್ದರು.

ಆಗ ಸ್ಕೂಟರಿನಿಂದ ಇಳಿದ ತೆಳ್ಳನೆಯ ಒಬ್ಬ ಮನುಷ್ಯ ಓಡಿ ಬಂದು ತಮ್ಮನ ಮೇಲೆ ಅಡ್ಡ ಬಿದ್ದ. “ಬಿಡ್ರೋ ಅವ್ನನ್ನ! ಸೀನು ನಾನು ಕಣ್ರೋ!” ಅಂದ. ಅವನ ತಲೆಗೂ ಒಂದು ಏಟು ಬಿತ್ತು, ಕಿವಿ ಹರಿಯಿತು. ಆದರೆ ಆ ಮಾತಿಗೆ ಹುಡುಗರು ಒಂದು ಗಳಿಗೆ ತಬ್ಬಿಬ್ಬಾದರು. ಅಷ್ಟರಲ್ಲಿ ಅವನು ನನ್ನ ತಮ್ಮನನ್ನು ಎತ್ತಿ ಆಟೋಗೆ ಹಾಕಿದ. ಜಯನಗರದ ಆಸ್ಪತ್ರೆ ಮುಟ್ಟುವ ತನಕ ತನ್ನ ಅಂಗಿ ಬಿಚ್ಚಿ ಅವನ ತಲೆಗೆ ಒತ್ತಿ ಹಿಡಿದಿದ್ದ. “ಏನಾಗಲ್ಲ ಅಕ್ಕ, ಉಸಿರಾಡ್ತಿದಾನೆ” ಅಂತ ಮತ್ತೆ ಮತ್ತೆ ಹೇಳಿದ. ಆ ಕತ್ತೆಯ ಚಿತ್ರದವನೇ ಅವತ್ತು ನನಗೆ ದೇವರು.

ತಮ್ಮ ಬದುಕಿದ. ಅವನಿಗೆ ಎಚ್ಚರ ಬರುವಷ್ಟರಲ್ಲಿ, ಹೊಡೆಸಿಕೊಂಡವನು ಹುಲಿಯೇ ಅಂತ ತಿಳಿದ ಕಮ್ಯುನಿಟಿಯವರು ಸತ್ಯವನ್ನು ತಮಗೆ ಬೇಕಾದ ಹಾಗೆ ಬೇಯಿಸಿಕೊಂಡಿದ್ದರು. ಹುಲಿಯ ಮೇಲೆ ಸೀನು ಮತ್ತವನ ಗೂಂಡಾಗಳಿಂದ ಹಲ್ಲೆ! ಎಲ್ಲರೂ ಚನ್ನಬಸವಯ್ಯನ ಮುಖ ತೆಗೆದು ನನ್ನ ತಮ್ಮನ ಪಟ್ಟಿ ಕಟ್ಟಿದ ಮುಖ ಹಾಕಿಕೊಂಡರು. ಚನ್ನಬಸವಯ್ಯ ಫೋಟೋ ತೆಗೆಯುವವನನ್ನು ಆಸ್ಪತ್ರೆಗೆ ಕರೆದುಕೊಂಡು ಬಂದು ತಮ್ಮನ ಹಣೆ ಸವರಿ ಹೋದ. ಹಿಂದೆಯೇ ಹುಡುಗರು ಹಾರ ಹಿಡಿದು ಬಂದರು. ಅವರಲ್ಲಿ ಸೇಬು ತಂದವನು ಆ ದಪ್ಪ ಹುಡುಗ. ಸೋಮನಾಥ್ ಅಂತ ಹೆಸರಂತೆ.

“ಕೈ ತುಳಿದಾಂವ ನೀನ ಅಲ್ಲೇನೋ?” ಅಂದೆ.

ಅವನು ನೆಲ ನೋಡಿದ. “ಎಲ್ರೂ ಹೊಡೀತಿದ್ರು ಅಕ್ಕ... ಹುಲಿ ಅಂತ ಗೊತ್ತಿರ್ಲಿಲ್ಲ.”

ಹುಲಿ ಅಲ್ಲದಿದ್ದರೆ ತುಳಿಯಬಹುದಿತ್ತೋ? ಕೈಗೆ ಸಿಕ್ಕಿದ ಸೇಬು ಎತ್ತಿ ಅವನ ಮುಖಕ್ಕೆ ಎಸೆದೆ.

ಅಷ್ಟರಲ್ಲಿ ಸಬ್ ಇನ್‌ಸ್ಪೆಕ್ಟರ್ ಹೇಳಿಕೆ ತೆಗೆದುಕೊಳ್ಳಲು ಬಂದ. ಹುಡುಗರನ್ನು ಹೊರಗೆ ಕಳಿಸಿ ಕೇಳಿದ, “ಯಾರಪ್ಪಾ ಹೊಡ್ದಿದ್ದು?”

ತಮ್ಮ ಬಾಗಿಲ ಕಡೆ ನೋಡಿದ. ಗಾಜಿನಾಚೆ ಅವರೆಲ್ಲ ಸಾಲಾಗಿ ನಿಂತು ಅವನನ್ನೇ ನೋಡುತ್ತಿದ್ದರು. ಅವನ ಮುಖ ಊದಿಕೊಂಡಿತ್ತು, ಆದರೂ ಅದರ ಮೇಲೆ ಒಂದು ಹೊಳಪು ಬಂತು. ಮನೆಯಲ್ಲಿ ಅವನನ್ನು ಹಾಗೆ ನೋಡುವವರು ಯಾರೂ ಇರಲಿಲ್ಲ.

“ಸೀನು” ಅಂದ. “ಸೀನು ಮತ್ತ ಅವನ ಕಡೀ ಮಂದಿ.”

“ಸುಳ್ಳು ಸಾರ್!” ಅಂತ ನಾನು ಕೂಗಿದೆ. “ಹೊಡೆದವರು ಹೊರಗ ನಿಂತಾರ ನೋಡ್ರಿ!” ಗಾಯಾಳುವೇ ಹೇಳುತ್ತಿದ್ದಾನಲ್ಲಮ್ಮ ಅಂದು ಅವನು ಬರೆದುಕೊಂಡು ಹೊರಟ.

ನಾನು ತಮ್ಮನ ಹಾಸಿಗೆಗೆ ಬಗ್ಗಿದೆ. “ಗುರುಸಿದ್ದಾ, ನಿನ್ನ ಮ್ಯಾಲೆ ಅಡ್ಡ ಬಿದ್ದು ಪೆಟ್ಟು ತಿಂದಾಂವ ಸೀನು. ಅಂವ ಬರಲಿಲ್ಲಂದ್ರ ನೀ ಹೆಣ ಆಗ್ತಿದ್ದಿ. ನಿನಗ ಗೊತ್ತಿಲ್ಲೇನು?”

“ಗೊತ್ತೈತಿ” ಅಂದ ತಮ್ಮ. “ಆದ್ರ ಅಂವ ಅವರ ಕಡೀ ಮನಷ್ಯಾ, ಅಕ್ಕಾ.”

ನಾನು ಚಪ್ಪಲಿ ಮೆಟ್ಟಿಕೊಂಡು, ಆ ಹುಡುಗರ ನಡುವೆಯೇ ದಾರಿ ಮಾಡಿಕೊಂಡು, ಕಣ್ಣಾರೆ ಕಂಡದ್ದನ್ನು ನಾನೇ ಬರೆಸಲು ಪೊಲೀಸ್ ಸ್ಟೇಷನ್ನಿಗೆ ಹೊರಟೆ. ಹಿಂದಿನಿಂದ ತಮ್ಮ ಕರೆಯುತ್ತಿದ್ದ.