ದಸ್ತಗೀರ ಚಾಚಾನ ದೋಣಿಯ ವಾಲ್‌ಗಳು

ಚಿಂಚೋಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪೂನಮ್‌ಳದು ಪಂಪ್ ರಿಪೇರಿ ಅಂಗಡಿ. ಅವಳ ತಂದೆ ನಾಮದೇವ ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಪಾನಾ ಹಿಡಿದು ನಟ್ಟು ಬಿಗಿಯುವುದನ್ನು ಅವರಿಂದಲೇ ಕಲಿತಿದ್ದಳು. ಬೋರ್‌ವೆಲ್ ಮೋಟಾರು, ಹೊಲದ ಪೈಪು, ಮನೆಯ ಟಾಕಿ, ನೀರು ಹರಿಯುವ ಯಾವುದಾದರೂ ಸರಿ, ಎಲ್ಲಿ ಕೆಟ್ಟಿದೆ ಎಂದು ಸದ್ದಿನಿಂದಲೇ ಹೇಳಬಲ್ಲಳು. ಆದರೆ ಆ ದಿನ ಅಲ್ಮಾಸ್ ಚಾಚಿ ಬಂದು ಕೇಳಿದ ಕೆಲಸದ ತಲೆಬುಡ ಅವಳಿಗೆ ತಿಳಿಯಲಿಲ್ಲ.

"ದೋಣಿಗೆ ವಾಲ್ ಹಾಕಬೇಕಾಗ್ಯಾದವ್ವಾ."

"ದೋಣಿಗಾ? ದೋಣಿಗೆ ವಾಲ್ ಯಾಕ್ರಿ ಚಾಚಿ?"

"ನನಗೇನು ಗೊತ್ತು? ಕೆಳಗ ಎರಡು ತೂತು ಅದಾವ. ವಾಲ್ ಪೂರಾ ಜಂಗ್ ಹಿಡಿದಾವ. ಹಂಗೇ ನೀರಿಗೆ ಇಳಸಿದ್ರ ಮುಳುಗ್ತದ ಅಂತ ಮೀನು ಹಿಡಿಯೋ ಅಂಬರಾಯ ಹೇಳ್ಯಾನ."

ಅಲ್ಮಾಸ್ ಚಾಚಿಯ ಗಂಡ ಗುಲಾಮ ದಸ್ತಗೀರ ಹೈದರಾಬಾದಿನ ಒಂದು ಕ್ಲಬ್ಬಿನಲ್ಲಿ ಹಾಯಿದೋಣಿ ನಡೆಸುತ್ತ ಮುದುಕರಾದವರು. ಕೆಲಸ ಬಿಡುವಾಗ, ಕ್ಲಬ್ಬಿನವರು ಮೂಲೆಗೆ ಹಾಕಿದ್ದ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಲಾರಿಯಲ್ಲಿ ಹಾಕಿಸಿಕೊಂಡು ಊರಿಗೆ ತಂದಿದ್ದರು. ಊರಿನ ಹತ್ತಿರದ ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿ, ಮೀನುಗಾರರ ಗುಡಿಸಲ ಪಕ್ಕ, ಕಬ್ಬಿಣದ ಗಾಡಿಯ ಮೇಲೆ ಅದನ್ನು ನಿಲ್ಲಿಸಿದರು. ನೀರಿಗಿಳಿಸುವ ಮುಂಚೆಯೇ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು. ಕಾಲು ಹೇಗೋ ಚೇತರಿಸಿಕೊಂಡಿತು. ಮಾತು ಮಾತ್ರ ಕಲಸಿಹೋಯಿತು. ನೀರು ಬೇಕಾದರೆ "ಕುರ್ಚಿ" ಎನ್ನುವರು. ಹೆಂಡತಿಯನ್ನು "ಗಡಿಯಾರ" ಎಂದು ಕರೆಯುವರು. ಬುದ್ಧಿ ನೆಟ್ಟಗಿತ್ತು, ಶಬ್ದಗಳು ಮಾತ್ರ ಬೇರೆ ಬೇರೆ ಕಡೆಯಿಂದ ಬರುತ್ತಿದ್ದವು. ದಿನಾ ಬೆಳಿಗ್ಗೆ ಯಾರದಾದರೂ ಆಟೊ ಹಿಡಿದು ಹೋಗಿ ದೋಣಿಯ ಪಕ್ಕ ಕೂತುಬಿಡುತ್ತಿದ್ದರು. ಅದನ್ನು ನೋಡಲಾರದೆ ಅಲ್ಮಾಸ್ ಚಾಚಿ ಪೂನಮ್‌ಳ ಹತ್ತಿರ ಬಂದಿದ್ದಳು.

ಪೂನಮ್ ದೋಣಿಯನ್ನು ಸುತ್ತುಹಾಕಿ ನೋಡಿದಳು. ಹಿಂಭಾಗದಲ್ಲಿ ಜನ ಕೂರುವ ಒಂದು ತಗ್ಗು. ಅದರ ಎಡಕ್ಕೊಂದು, ಬಲಕ್ಕೊಂದು ಮೋರಿಯಂಥ ತೂತು. ಮಳೆಯ ನೀರೋ ಅಲೆಯ ನೀರೋ ತಗ್ಗಿನಲ್ಲಿ ಬಿದ್ದರೆ ಆ ತೂತುಗಳಿಂದ ರಬ್ಬರ್ ಪೈಪಿಗೆ ಇಳಿದು, ದೋಣಿಯ ಒಡಲಿನ ಎರಡೂ ಪಕ್ಕೆಯಲ್ಲಿದ್ದ ವಾಲ್‌ಗಳ ಮೂಲಕ ಹೊರಗೆ ಹೋಗಬೇಕು. ಇಷ್ಟು ಅರ್ಥವಾಯಿತು. ಅರ್ಥವಾಗದ್ದು ಇನ್ನೊಂದು. ಎಡ ತೂತಿನ ಪೈಪು ಬಲಗಡೆಯ ವಾಲ್‌ಗೂ ಬಲ ತೂತಿನದು ಎಡಗಡೆಯ ವಾಲ್‌ಗೂ ಹೋಗಿದ್ದವು. ತಗ್ಗಿನ ಕೆಳಗಿನ ಕತ್ತಲೆಯ ಸಂದಿಯಲ್ಲಿ ಅವು ಒಂದರ ಮೇಲೊಂದು ಹಾದಿದ್ದವು.

"ಯಾರೋ ಕಣ್ಣುಮುಚ್ಚಿ ಜೋಡಿಸ್ಯಾರ್ರಿ ಚಾಚಿ. ಪಕ್ಕದಾಗೇ ವಾಲ್ ಇಟ್ಟುಕೊಂಡು ಅಷ್ಟು ದೂರ ಎಳದಾರ."

ವಾಲ್‌ಗಳ ಗಾಲಿಯಂಥ ಹಿಡಿಕೆ ಅತ್ತಿತ್ತ ಅಲುಗಲಿಲ್ಲ. ಡೀಸೆಲ್ ಬಿಟ್ಟಳು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಕೊನೆಗೆ ಗರಗಸ ಹಿಡಿದು ಕೊಯ್ಯಬೇಕಾಯಿತು. ಒಂದರ ಹಿತ್ತಾಳೆ ಬಿಸ್ಕತ್ತಿನಂತೆ ಕೈಯಲ್ಲೇ ಪುಡಿಯಾಯಿತು. ಎರಡೂ ಕಡೆ, ಹಿಡಿಕೆಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚುವ ಹೊಸ ಬಾಲ್‌ವಾಲ್ ಕೂಡಿಸಿ, ಸುತ್ತ ಸೀಲ್ ಮೆತ್ತಿ, ಹೊಸ ಪೈಪನ್ನು ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ನೇರವಾಗಿ ಹಾಕತೊಡಗಿದಳು.

ಆಗ ಕುರ್ಚಿಯಲ್ಲಿ ಕೂತಿದ್ದ ದಸ್ತಗೀರ ಚಾಚಾ ಗದ್ದಲ ಎಬ್ಬಿಸಿದರು.

"ಚಮಚಾ! ಚಮಚಾ!"

ಪೂನಮ್ ಸಂದಿಯಿಂದ ತಲೆ ಹೊರಹಾಕಿದಳು. "ಏನ್ ಹೇಳ್ಲಿಕತ್ತಾರ್ರಿ ಚಾಚಿ?"

ಅಲ್ಮಾಸ್ ಚಾಚಿ ಊಟದ ಡಬ್ಬಿಯಿಂದ ಚಮಚ ತೆಗೆದುಕೊಟ್ಟಳು. ಅವರು ಅದನ್ನು ಬಿಸಾಡಿದರು. ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಎಡ ಭುಜದ ಮೇಲೆ ಇಟ್ಟುಕೊಂಡರು. ಆಮೇಲೆ ಎಡಗೈಯನ್ನು ಬಲ ಭುಜದ ಮೇಲೆ ಇಟ್ಟುಕೊಂಡು ಪೂನಮ್‌ಳನ್ನೇ ನೋಡಿದರು.

"ಚಳಿ ಹತ್ಯಾದ" ಎಂದು ಚಾಚಿ ಶಾಲು ಹೊದಿಸಿದಳು. ಶಾಲೂ ನೆಲಕ್ಕೆ ಬಿತ್ತು. ಮತ್ತೆ ಅದೇ ರೀತಿ ಕೈ ಎತ್ತಿಟ್ಟುಕೊಂಡರು.

"ವಾಲ್ ಬಂದ್ ಮಾಡು ಅಂತೀರೇನ್ರಿ ಚಾಚಾ?" ಪೂನಮ್ ವಾಲ್ ಮುಚ್ಚಿ ತೋರಿಸಿದಳು. ಅವರು ತಲೆ ಅಲ್ಲಾಡಿಸಿದರು. ತೆರೆದು ತೋರಿಸಿದಳು. ಅದಕ್ಕೂ ತಲೆ ಅಲ್ಲಾಡಿಸಿದರು.

"ಅವರ ಹೌದು, ಇಲ್ಲ ಎರಡೂ ಅದಲುಬದಲು ಆಗ್ಯಾವ ಬೇಟಿ" ಅಂದಳು ಚಾಚಿ. "ಒಮ್ಮೊಮ್ಮೆ ಸರಿ ಇರ್ತಾವ, ಒಮ್ಮೊಮ್ಮೆ ಇಲ್ಲ. ಯಾವಾಗ ಯಾವುದು ಅಂತ ನನಗೂ ತಿಳಿಯಂಗಿಲ್ಲ."

ಚಾಚಾ ಮುಖ ಆಚೆ ತಿರುಗಿಸಿ ಕೂತರು. ಕಣ್ಣಲ್ಲಿ ನೀರಿತ್ತು. ತಾನು ಏನೋ ತಪ್ಪು ಮಾಡುತ್ತಿದ್ದೇನೆ ಎನ್ನಿಸಿತು ಪೂನಮ್‌ಗೆ. ಯಾವ ತಪ್ಪು ಎಂದು ಹೊಳೆಯಲಿಲ್ಲ. ಪ್ರತಿ ಜೋಡಣೆಯನ್ನೂ ಮತ್ತೊಮ್ಮೆ ಬಿಗಿದಳು. ಬಕೆಟ್ಟಿನಿಂದ ತಗ್ಗಿಗೆ ನೀರು ಸುರಿದಳು. ಎರಡೂ ಕಡೆಯಿಂದ ಸಲೀಸಾಗಿ ಹೊರಗೆ ಹರಿಯಿತು, ಎಲ್ಲೂ ಹನಿ ಸೋರಲಿಲ್ಲ.

ಎರಡು ದಿನ ಸೀಲ್ ಒಣಗಲು ಬಿಟ್ಟು, ಅಂಬರಾಯ ಮತ್ತು ಅವನ ಜೊತೆಯವರು ದೋಣಿಯನ್ನು ನೀರಿಗೆ ತಳ್ಳಿದರು. ಪೂನಮ್ ಒಳಗೆ ಕೂತು ವಾಲ್‌ಗಳ ಸುತ್ತ ಕೈಯಾಡಿಸಿದಳು. ಒಣಗಿತ್ತು. ಚಾಚಾ ಎಡಗೈಯಿಂದ ಚುಕ್ಕಾಣಿ ಹಿಡಿದು, ಹಾಯಿಯ ಹಗ್ಗವನ್ನು ಗದ್ದದಿಂದ ತೋರಿಸಿ ಅವಳನ್ನು ಕರೆದರು. ಬಲಗೈ ಸೋತ ಅವರಿಗೆ ಹಗ್ಗ ಹಿಡಿಯಲು ಒಬ್ಬರು ಬೇಕಿತ್ತು.

"ನಾ ಮಾತ್ರ ಒಲ್ಲೆ" ಎಂದು ಅಲ್ಮಾಸ್ ಚಾಚಿ ದಂಡೆಯಲ್ಲೇ ನಿಂತಳು. ಅಂಬರಾಯ ಚಾಚಾ ತೋರಿಸಿದಂತೆ ಹಾಯಿ ಏರಿಸಿ, ಇಬ್ಬರಿಗೂ ಲೈಫ್ ಜಾಕೆಟ್ ತೊಡಿಸಿ, ತನ್ನ ತೆಪ್ಪದಲ್ಲಿ ಹಿಂದೆ ಹಿಂದೆ ಬಂದ.

ಹಾಯಿಯಲ್ಲಿ ಗಾಳಿ ತುಂಬಿತು. ಚಾಚಾ ಗದ್ದ ಆಡಿಸಿದರು. ಎಳೆ ಎಂದು ಅರ್ಥಮಾಡಿಕೊಂಡು ಪೂನಮ್ ಎಳೆದಳು. ದೋಣಿ ಎಡಕ್ಕೆ ವಾಲಿ ಓಡತೊಡಗಿತು. ಅವಳಿಗೆ ಖುಷಿಯಾಗುವಷ್ಟರಲ್ಲಿ ಎಡಪಾದ ತಣ್ಣಗಾಯಿತು. ನೋಡಿದರೆ ತಗ್ಗಿನ ಎಡ ಮೂಲೆಯ ತೂತಿನಿಂದ ನೀರು ಬುಗ್ಗೆಯಂತೆ ಮೇಲೇಳುತ್ತಿತ್ತು.

"ಚಾಚಾ! ನೀರು ಬರ್ಲಿಕತ್ತದ!"

ಹಗ್ಗವನ್ನು ಕಾಲಿನಡಿ ಒತ್ತಿ ಹಿಡಿದು, ಒಡಲಿನ ಮುಚ್ಚಳ ತೆಗೆದು ನೋಡಿದಳು. ಒಳಗೆ ಒಂದು ಹನಿ ಇಲ್ಲ. ವಾಲ್ ಒಣಗಿತ್ತು, ಪೈಪು ಒಣಗಿತ್ತು. ಹಾಗಾದರೆ ನೀರು ಎಲ್ಲಿಂದ? ಹೊರಗೆ ಹೋಗಲಿ ಎಂದು ಮಾಡಿದ ದಾರಿಯಲ್ಲಿ ಅದು ಒಳಗೆ ಯಾಕೆ ಬರುತ್ತಿದೆ? ಗಾಬರಿಯಲ್ಲಿ ಕೈಗೆ ಸಿಕ್ಕ ಬಲಗಡೆಯ ವಾಲ್ ಮುಚ್ಚಿದಳು. ಏನೂ ಬದಲಾಗಲಿಲ್ಲ. ನೀರು ಏರಿ ಕಾಲ ಗಿಣ್ಣನ್ನು ಮುಟ್ಟಿತು.

ಚಾಚಾ ಮಾತ್ರ ಶಾಂತವಾಗಿದ್ದರು. ಹಗ್ಗ ಬಿಡು ಎಂಬಂತೆ ಬೆರಳು ಬಿಡಿಸಿ ತೋರಿಸಿದರು. ಬಿಟ್ಟಳು. ಹಾಯಿ ಪಟಪಟಿಸಿತು, ದೋಣಿ ನೆಟ್ಟಗಾಯಿತು, ನೀರು ಗೊಳಗೊಳ ಎಂದು ಅದೇ ತೂತಿನಿಂದ ಇಳಿದುಹೋಯಿತು. ಅವಳು ನಿಟ್ಟುಸಿರು ಬಿಡುವ ಮುಂಚೆ ಮತ್ತೆ ಗದ್ದ ಆಡಿಸಿದರು, ಎಳೆ.

"ಬ್ಯಾಡ್ರಿ ಚಾಚಾ! ದಂಡಿಗೆ ಹೋಗಮು!"

ಎಳೆ ಎಂದರು ಗದ್ದದಿಂದಲೇ. ಎಳೆದಳು. ವಾಲಿತು, ನೀರು ಬಂತು. ಬಿಟ್ಟಳು, ಹೋಯಿತು. ಇವರಿಗೆ ಹುಚ್ಚು ಹಿಡಿದಿದೆಯೋ, ತನ್ನನ್ನು ಹೆದರಿಸಿ ಆಟ ನೋಡುತ್ತಿದ್ದಾರೋ ಎಂದು ಸಿಟ್ಟು ಬಂತು. ಮೂರನೆಯ ಸಲ ದೋಣಿ ವಾಲಿದಾಗ ಅವರು ಕತ್ತು ಚಾಚಿ ಬಲಗಡೆಯ ಹೊರಮೈಯನ್ನೇ ನೋಡತೊಡಗಿದರು. ಅವಳೂ ಆಚೆ ಬಾಗಿ ನೋಡಿದಳು. ಬಲಗಡೆಯ ವಾಲ್‌ನ ತೂತು ನೀರಿನಿಂದ ಗೇಣುದ್ದ ಮೇಲಕ್ಕೆದ್ದು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಎಡಗಡೆಯದು ಆಳದಲ್ಲಿತ್ತು, ತಗ್ಗಿನ ಎಡ ಮೂಲೆಯೂ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿಳಿದಿತ್ತು. ಆಳದ ತೂತು, ಆಳದ ಮೂಲೆ, ನಡುವೆ ತಾನು ಹಾಕಿದ ನೇರ ಪೈಪು. ನೀರು ಬಾರದೆ ಇನ್ನೇನು?

ಎಡ ಮೂಲೆಯ ಪೈಪು ಬಲಕ್ಕೆ ಹೋಗಿದ್ದರೆ, ಅದರ ಹೊರಬಾಯಿ ಈಗ ಗಾಳಿಯಲ್ಲಿ ಇರುತ್ತಿತ್ತು. ಹೊರಗಿನ ನೀರಿಗೆ ಮೇಲೆ ಬರುವ ದಾರಿಯೇ ಇರುತ್ತಿರಲಿಲ್ಲ. ಇನ್ನೊಂದು ಪೈಪಿನ ಹೊರಬಾಯಿ ಆಳದಲ್ಲಿದ್ದರೂ ಒಳಬಾಯಿ ಎತ್ತರದಲ್ಲಿರುತ್ತಿತ್ತು.

ಪೂನಮ್ ಹಗ್ಗ ಬಿಟ್ಟು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು ಅವರ ಕಡೆ ನೋಡಿದಳು. "ಇದೇನ್ರಿ ನೀವು ಹೇಳಿದ್ದು?"

ಚಾಚಾ "ಇಲ್ಲ, ಇಲ್ಲ" ಎಂದು ಜೋರಾಗಿ ನಕ್ಕರು.

ದಂಡೆಗೆ ಬಂದ ಮೇಲೆ ಅವಳು ಪೈಪುಗಳನ್ನು ಬಿಚ್ಚಿ ಮತ್ತೆ ಅಡ್ಡಡ್ಡ ಹಾಕಿದಳು. ಉದ್ದ ಸಾಲದೆ ಪೇಟೆಗೆ ಹೋಗಿ ಬೇರೆ ತರಬೇಕಾಯಿತು. ಅಲ್ಮಾಸ್ ಚಾಚಿಗೆ ಎಲ್ಲವನ್ನೂ ಬಿಡಿಸಿ ಹೇಳಿದಾಗ ಅವಳು ಗಂಡನ ಕುರ್ಚಿಯ ಮೇಲಿದ್ದ ಶಾಲನ್ನು ಕೈಗೆತ್ತಿಕೊಂಡಳು.

"ನಾ ಶಾಲು ಹೊಚ್ಚಿದೆನಲ್ಲ, ಬೇಟಿ" ಅಂದಳು. "ಇಷ್ಟು ದಿನದಾಗ ಇನ್ನೂ ಏನೇನಕ್ಕ ಶಾಲು ಹೊಚ್ಚೀನೋ!"

ಮರುದಿನ ಅವಳೂ ದೋಣಿ ಹತ್ತಿದಳು. ಒಂದು ಕೈಯಲ್ಲಿ ಅಂಚನ್ನು, ಇನ್ನೊಂದರಲ್ಲಿ ಗಂಡನ ಅಂಗಿಯನ್ನು ಗಟ್ಟಿಯಾಗಿ ಹಿಡಿದು ಕೂತಳು. ಗಾಳಿ ಜೋರಿತ್ತು. ದೋಣಿ ಎಷ್ಟು ವಾಲಿದರೂ ತಗ್ಗು ಒಣಗಿಯೇ ಇತ್ತು. ಹಿನ್ನೀರಿನ ನಡುವೆ ಬಂದಾಗ ಚಾಚಾ ಒಮ್ಮೆಲೇ ಸ್ಪಷ್ಟವಾಗಿ ಅಂದರು:

"ಶಹಬಾಜ, ಹಗ್ಗ ಸ್ವಲ್ಪ ಬಿಡು."

ಒಂದೂ ಶಬ್ದ ತಪ್ಪಿರಲಿಲ್ಲ. ಚಾಚಿ ಬೆರಗಾಗಿ ಗಂಡನ ಮುಖ ನೋಡಿದಳು. ಪೂನಮ್ ಮೆಲ್ಲಗೆ ಕೇಳಿದಳು, "ಶಹಬಾಜ ಯಾರ್ರಿ ಚಾಚಿ?"

"ಗೊತ್ತಿಲ್ಲವ್ವಾ. ನಮ್ಮ ಮನ್ಯಾಗ ಆ ಹೆಸರಿನವರು ಯಾರೂ ಇಲ್ಲ. ಈ ಹೆಸರು ನಾ ಕೇಳಿದ್ದೇ ಇಲ್ಲ. ಕ್ಲಬ್ಬಿನಾಗ ಇವರ ಜೋಡಿ ಹಗ್ಗ ಹಿಡೀತಿದ್ದವ ಯಾರರ ಇರಬೇಕು."

"ಶಹಬಾಜ!" ಚಾಚಾ ಮತ್ತೆ ಕರೆದರು, ಈ ಸಲ ಸ್ವಲ್ಪ ಗದರುವಂತೆ. ಅವರು ನೋಡುತ್ತಿದ್ದುದು ಪೂನಮ್‌ಳನ್ನೇ.

ಆ ದಿನ ಮುಂದಿನ ಚಿಕ್ಕ ಹಾಯಿಯನ್ನೂ ಏರಿಸಿದ್ದರಿಂದ ಅವಳ ಮುಂದೆ ಎರಡು ಹಗ್ಗಗಳಿದ್ದವು.

"ಯಾವ ಹಗ್ಗರಿ, ಚಾಚಾ?" ಅಂದಳು ಪೂನಮ್.