ಬೂಂದಿ ಸೌಟು ಕಂಡ ಎರಡು ಗ್ರಹಣ

ಮಧ್ಯಾಹ್ನ ಮೂರು ಗಂಟೆಗೆ ನನ್ನ ಮೈಗೆ ಕೊನೆಯ ತೂತು ಬಿತ್ತು. ಅಲ್ಲಿಯವರೆಗೆ ನಾನು ಬರೀ ಹಿತ್ತಾಳೆ ತಗಡು. ಅಲ್ಲಿಂದ ಮುಂದೆ ಬೂಂದಿ ಸೌಟು. ಊರು ಕುಮಟಾ, ತೂತು ಕೊರೆದವರು ಗಣಪು ಆಚಾರಿ. ತಟ್ಟೆಯಷ್ಟು ಅಗಲದ ಮುಖ, ಉದ್ದನೆಯ ಹಿಡಿ, ಮುಖದ ತುಂಬ ಕೊತ್ತಂಬರಿ ಬೀಜದ ಗಾತ್ರದ ತೂತುಗಳು. ಮರುವಾರವೇ ಅಂಕೋಲಾದ ಒಂದು ಹೋಟೆಲಿನವರು ನನ್ನನ್ನು ಕೊಂಡರು.

ಅಲ್ಲಿ ನಾನು ಬೀರಣ್ಣನ ಕೈಗೆ ಬಂದೆ. ಆಗಿನ್ನೂ ಮದುವೆಯಾಗದ ಹುಡುಗ. ಲಾಡು ಕಟ್ಟುವುದರಲ್ಲಿ ಹೆಸರು ಮಾಡಿದ್ದ. ಕಾದ ಎಣ್ಣೆಯ ಮೇಲೆ ನನ್ನನ್ನು ಹಿಡಿದು, ಕಲಸಿದ ಕಡಲೆಹಿಟ್ಟು ಸುರಿದು, ಹಿಡಿಯನ್ನು ಬಾಣಲೆಯ ಅಂಚಿಗೆ ಕುಟ್ಟುತ್ತಿದ್ದ. ಕಾಳುಗಳು ದುಂಡಗೆ ಉದುರುತ್ತಿದ್ದವು. ಪ್ರತಿ ಸುತ್ತಿಗೂ ನನ್ನನ್ನು ತೊಳೆಯಲೇಬೇಕು. ಒಂದು ತೂತು ಕಟ್ಟಿಕೊಂಡರೂ ಬೀರಣ್ಣ ಸಹಿಸುತ್ತಿರಲಿಲ್ಲ, ಕಡ್ಡಿ ಹಾಕಿ ಬಿಡಿಸುತ್ತಿದ್ದ.

ಸಾವಿರದ ಒಂಬೈನೂರ ಎಂಬತ್ತರ ಫೆಬ್ರುವರಿಯಲ್ಲಿ ಅಂಕೋಲಾದಲ್ಲಿ ಸೂರ್ಯ ಪೂರ್ತಿ ಮುಚ್ಚಿದ. ಹೋಟೆಲಿನ ಒಲೆ ಆರಿಸಿದ್ದರು, ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಬೀರಣ್ಣ ಒಡೆದ ಕಂದೀಲಿನ ಗಾಜಿನ ಚೂರಿಗೆ ಹೊಗೆ ಹಿಡಿಸಿಕೊಂಡು ಹಿತ್ತಲಿಗೆ ಬಂದ. ನಾನು ಅಲ್ಲೇ ಬಾವಿಕಟ್ಟೆಯ ಮೇಲೆ ಒಣಗುತ್ತಿದ್ದೆ.

"ಸಾಕು ಮಾರಾಯಾ, ಕಣ್ಣು ಸುಡ್ತದೆ," ಎಂದು ಒಳಗಿನಿಂದ ಮಾಣಿ ಕೂಗಿದ.

"ದಿನಾ ಬೆಂಕಿ ಮುಂದೆ ಕೂತವ ನಾನು. ಸುಟ್ರೆ ನನಗೆ ಗೊತ್ತಾಗೂದಿಲ್ವ?"

ಅವನು ತಪ್ಪಿದ್ದು ಅಲ್ಲೇ. ಬಾಣಲೆಯ ಝಳ ಕೆನ್ನೆಗೆ ತಾಗಿದರೆ ಹಿಂದೆ ಸರಿಯಬೇಕೆಂದು ಮೈಗೆ ತಿಳಿಯುತ್ತದೆ. ಕಣ್ಣಿನ ಒಳಪದರಕ್ಕೆ ನೋವು ತಿಳಿಯುವುದಿಲ್ಲ. ಅದು ಸದ್ದಿಲ್ಲದೆ ಸುಡುತ್ತದೆ. ಸೂರ್ಯ ಪೂರ್ತಿ ಮರೆಯಾಗಿದ್ದ ಆ ಎರಡು ಚಿಲ್ಲರೆ ನಿಮಿಷ ಬರಿಗಣ್ಣಿಗೂ ಅಪಾಯವಿರಲಿಲ್ಲ. ಕೆಡುಕಾದದ್ದು ಅದರ ಹಿಂದೆ ಮುಂದೆ, ಸೂರ್ಯನ ಚೂರು ಹೊರಗಿದ್ದಾಗ. ಹೊಗೆಗಾಜು ಬೆಳಕನ್ನು ಮಂಕು ಮಾಡಿತೇ ಹೊರತು, ಸುಡುವ ಕಿರಣಗಳನ್ನು ತಡೆಯಲಿಲ್ಲ. ಇದೆಲ್ಲ ಆಮೇಲೆ ಕಣ್ಣಿನ ಡಾಕ್ಟರು ಹೇಳಿದ್ದು. ಬೀರಣ್ಣ ಒಲೆಯ ಮುಂದೆ ಒಬ್ಬನೇ ಇದ್ದಾಗ ಅದನ್ನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ.

ಮರುದಿನ ಬೆಳಿಗ್ಗೆ ಅವನಿಗೆ ಬಾಣಲೆಯ ಅಂಚು ಕಂಡಿತು, ನಡುವಿನ ಎಣ್ಣೆ ಕಾಣಲಿಲ್ಲ. ಎರಡೂ ಕಣ್ಣಿನಲ್ಲಿ ನೋಟದ ನಡುಭಾಗ ಮಸುಕಾಗಿತ್ತು. ಅದು ಪೂರ್ತಿ ಸರಿಹೋಗಲೇ ಇಲ್ಲ. ಮದುವೆಯ ದಿನ ಅಂತರಪಟ ಸರಿದಾಗ ಹೆಂಡತಿಯ ಮುಡಿಯ ಹೂವು ಕಂಡಿತು, ಓಲೆ ಕಂಡಿತು, ಮುಖ ಕಾಣಲಿಲ್ಲ. ಅದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕಾಳು ಹದವಾಯಿತೋ ಇಲ್ಲವೋ ಎಂಬುದನ್ನು ಸದ್ದಿನಿಂದ ತಿಳಿದ, ನನ್ನ ತೂತುಗಳನ್ನು ಬೆರಳಿನಿಂದ ತಡವಿ ನೋಡಿದ. ಓರೆಗಣ್ಣಿನಿಂದ ನೋಡುವುದನ್ನು ಕಲಿತ.

ಹೋಟೆಲು ಮುಚ್ಚಿದಾಗ ಯಜಮಾನರು ನನ್ನನ್ನು ಅವನಿಗೇ ಕೊಟ್ಟರು. ಇಬ್ಬರೂ ಮಂಗಳೂರಿಗೆ ಬಂದೆವು. ಮದುವೆ ಅಡುಗೆಯ ತಂಡದವರು ತಮಾಷೆ ಮಾಡುತ್ತಿದ್ದರು: "ಬೀರಣ್ಣ, ನಾನು ಇಲ್ಲಿದ್ದೇನೆ. ನೀನು ಕಂಬದ ಹತ್ರ ಮಾತಾಡ್ತಾ ಇದ್ದೀಯಲ್ಲ ಮಾರಾಯ!" ಬೀರಣ್ಣನ ಉತ್ತರ ತಯಾರಿರುತ್ತಿತ್ತು: "ಕಂಬ ಆದ್ರೆ ಎದುರು ಮಾತಾಡೂದಿಲ್ಲ."

ಹೆಂಡತಿ ತೀರಿಕೊಂಡ ಮೇಲೆ ಅವನು ಮಗನ ಮನೆ ಸೇರಿದ. ನಾನು ಅಡುಗೆಮನೆಯ ಮೊಳೆಗೆ ಬಿದ್ದೆ.

ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರಿನಲ್ಲಿ ಮಂಗಳೂರಿಗೆ ಕಂಕಣ ಗ್ರಹಣ ಬಂತು. ಮೊಮ್ಮಗಳು ಶಮಿತಾಳಿಗೆ ಹತ್ತು ವರ್ಷ. ಪಕ್ಕದ ಮನೆಯವರು ಗ್ರಹಣದ ಕನ್ನಡಕ ತರಿಸಿದ್ದರು. ಬೀರಣ್ಣ ಯಾವ ಗಾಜನ್ನೂ ನಂಬುವವನಲ್ಲ. "ಬೇಡ ಅಂದ್ರೆ ಬೇಡ," ಎಂದು ಬಾಗಿಲ ಬಳಿ ಕುರ್ಚಿ ಹಾಕಿ ಕೂತ.

ಹುಡುಗಿ ಹಿಂಬಾಗಿಲಿನಿಂದ ಹೋದಳು. ಹೋಗುವಾಗ ಮೊಳೆಯಿಂದ ನನ್ನನ್ನು ತೆಗೆದುಕೊಂಡಳು. ಸಣ್ಣ ತೂತಿನಿಂದ ಗ್ರಹಣ ನೋಡಬಹುದೆಂದು ಟೀಚರ್ ಹೇಳಿದ್ದರು. ಹೇಗೆ ಎಂಬುದನ್ನು ಅವಳು ಅರ್ಧ ಮಾತ್ರ ಕೇಳಿಸಿಕೊಂಡಿದ್ದಳು. ಅಂಗಳದಲ್ಲಿ ನಿಂತು ನನ್ನನ್ನು ಮುಖಕ್ಕೆ ಹಿಡಿದು, ತೂತಿಗೆ ಕಣ್ಣಿಟ್ಟು, ತಲೆ ಮೇಲೆತ್ತತೊಡಗಿದಳು.

ನನ್ನ ತೂತು ಬೆಳಕನ್ನು ಸೋಸುವುದಿಲ್ಲ, ಹಾಗೇ ಬಿಡುತ್ತದೆ. ಕೂಗಲು ನನಗೆ ಬಾಯಿಲ್ಲ.

ಬೀರಣ್ಣ ಅಂಗಳದ ಅಂಚಿನಲ್ಲಿ ಅವಳ ನೆರಳು ಕಂಡು ಓಡಿ ಬಂದ. ನನ್ನ ಹಿಡಿಗೆ ಕೈ ಹಾಕಿ ಕೆಳಗೆಳೆದ. ಅವಳನ್ನು ಸೂರ್ಯನಿಗೆ ಬೆನ್ನು ಮಾಡಿ ತಿರುಗಿಸಿದ.

"ನೋಡಿದ್ಯಾ? ಹೇಳು, ನೋಡಿದ್ಯಾ?"

"ಇಲ್ಲ ಅಜ್ಜ. ನೋಡ್ಲಿಕ್ಕೆ ಹೊರಟದ್ದಷ್ಟೇ. ನೀವು ಬಿಡ್ಲಿಲ್ಲವಲ್ಲ!" ಅವಳು ಅಳತೊಡಗಿದಳು. ಅಳುತ್ತಲೇ ಎದುರಿನ ಬಿಳಿ ಗೋಡೆ ನೋಡಿ ಸುಮ್ಮನಾದಳು. ಬೀರಣ್ಣನ ಕೈಯಲ್ಲಿ ನಾನು ಹೆಗಲಿನ ಎತ್ತರದಲ್ಲಿದ್ದೆ. ಬೆನ್ನ ಹಿಂದಿನ ಬಿಸಿಲು ನನ್ನನ್ನು ಹಾದು ಗೋಡೆಗೆ ಬಿದ್ದಿತ್ತು. "ಅಜ್ಜ, ಗೋಡೆ ನೋಡಿ. ಬೆಳಕಿನ ಚುಕ್ಕೆ ಎಲ್ಲಾ ಒಂದರ ಮೇಲೊಂದು ಬಿದ್ದು ಎಂತದೋ ಗಲೀಜು. ಬದಿಯಲ್ಲಿ ಮಾತ್ರ ಕುಡುಗೋಲಿನ ಹಾಗೆ ಉಂಟು. ಟೀಚರ್ ಹೇಳಿದ್ದು ಇದೇ! ಬೆನ್ನು ಹಾಕಿ ನಿಲ್ಲಿ ಅಂದಿದ್ರು!"

"ಗೋಡೆ ನೋಡಿದ್ರೆ ಕಣ್ಣಿಗೆ ಏನೂ ಆಗೂದಿಲ್ವ?"

"ಗೋಡೆ ನೋಡಿದ್ರೆ ಎಂತ ಆಗ್ತದೆ ಅಜ್ಜ?"

ಬೀರಣ್ಣ ಅವಳನ್ನೂ ಕರೆದುಕೊಂಡು ನೇರ ಅಡುಗೆಮನೆಗೆ ಹೋಗಿ, ಗ್ರಹಣ ಬಿಟ್ಟ ಮೇಲೆ ಮಾಡಲೆಂದು ತುಳಸಿ ಎಲೆ ಹಾಕಿಟ್ಟಿದ್ದ ಹಿಟ್ಟಿನಿಂದ ಒಂದು ಮುದ್ದೆ ಕಿತ್ತ.

"ಮಾವ, ಅದು ಚಪಾತಿ ಹಿಟ್ಟು!" ಎಂದಳು ಸೊಸೆ ಸುಲತಾ.

"ನನ್ನ ಲೆಕ್ಕದ್ದು ಎರಡು ಕಮ್ಮಿ ಮಾಡು."

ಜೀವಮಾನವಿಡೀ ನನ್ನ ತೂತು ಬಿಡಿಸಿದವನು ಅಂದು ಒಂದೊಂದಾಗಿ ಹಿಟ್ಟು ಒತ್ತಿ ಮುಚ್ಚಿದ. ಬೆರಳಿನಿಂದ ತಡವಿ, ಒಂದಕ್ಕೊಂದು ದೂರವಿರುವ ಕೆಲವನ್ನು ಮಾತ್ರ ತೆರೆದಿಟ್ಟ. ಗೋಡೆಗೆ ನಾಲ್ಕೈದು ಅಡಿ ದೂರದಲ್ಲಿ ನನ್ನನ್ನು ಹಿಡಿದ. ಗಲೀಜು ಹೋಯಿತು. ಗೋಡೆಯ ಮೇಲೆ ಪುಟ್ಟ ಪುಟ್ಟ ಕುಡುಗೋಲುಗಳು ಬಿಡಿಬಿಡಿಯಾಗಿ ನಿಂತವು. ಅವು ತೆಳುವಾಗುತ್ತ ಬಂದವು. ಬಿಸಿಲು ಮಂಕಾಯಿತು, ಕಾಗೆಗಳು ಕೂಗಿದವು. ಒಂಬತ್ತೂವರೆಗೆ ಇನ್ನೂ ಸ್ವಲ್ಪ ಇದ್ದಾಗ ಕುಡುಗೋಲುಗಳ ತುದಿ ಕೂಡಿ ಎಲ್ಲವೂ ಬಳೆಯಾದವು.

"ಬಳೆ ಅಜ್ಜ! ಸುತ್ತ ಬೆಳಕು, ನಡು ಇಲ್ಲ!"

ಬೀರಣ್ಣ ತಲೆ ಓರೆ ಮಾಡಿ ಗೋಡೆಯನ್ನು ನೋಡಿದ. "ನನಗೆ ಎಲ್ಲರ ಮುಖ ಹೀಗೇ ಕಾಣೂದು, ಮಗಾ," ಎಂದ. ನನಗೆ ಗೊತ್ತಿದ್ದಂತೆ, ಅದನ್ನು ಅವನು ಮನೆಯವರೊಬ್ಬರಿಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನನ್ನದೂ?"

"ನಿನ್ನದೂ."

ಅವಳು ಗೋಡೆ ಬಿಟ್ಟು ಅಜ್ಜನ ಕಡೆ ತಿರುಗಲು ಹೋದಳು. ಅವನು ಬಿಡಲಿಲ್ಲ, ಹಿಂದೆ ಸೂರ್ಯನಿದ್ದ. ಅವಳು ಗೋಡೆ ನೋಡುತ್ತಲೇ ಅವನ ಬಿಡುವಿದ್ದ ಕೈಯನ್ನು ಎಳೆದು ತನ್ನ ಮುಖದ ಮೇಲಿಟ್ಟುಕೊಂಡಳು. "ಇದು ಮೂಗು. ಅಪ್ಪನದ್ದೇ ಅಂತೆ."

"ಹಾಗಾದ್ರೆ ಪಾಪ ನೀನು," ಎಂದ ಬೀರಣ್ಣ. ಅವಳು ನಕ್ಕಾಗ ಅವನ ಬೆರಳಿಗೆ ಕೆನ್ನೆಯ ಗುಳಿ ಸಿಕ್ಕಿತು. ಅವಳಿಗೆ ಗುಳಿ ಬೀಳುತ್ತದೆಂದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ನಾನೀಗ ಅಟ್ಟದ ಮೇಲೆ ಗೋಣಿಚೀಲದಲ್ಲಿದ್ದೇನೆ. ಈ ಮನೆಗೆ ಬೂಂದಿ ಅಂಗಡಿಯಿಂದ ಬರುತ್ತದೆ. ಬೇಸರವಿಲ್ಲ. ಕಾಳು ಉದುರಿಸಲೆಂದು ಹುಟ್ಟಿದವನು ಒಂದು ಬೆಳಿಗ್ಗೆ ಸೂರ್ಯನನ್ನೂ ಉದುರಿಸಿದೆ. ಎಷ್ಟು ಸೌಟುಗಳಿಗೆ ಅದು ಸಿಗುತ್ತದೆ?

ಗ್ರಹಣದ ಮರುದಿನ ನಾನಿನ್ನೂ ಮೊಳೆಯಲ್ಲೇ ಇದ್ದೆ. ಬೆಳಿಗ್ಗೆ ಎದ್ದ ಕೂಡಲೇ ಬೀರಣ್ಣ ಶಮಿತಾಳನ್ನು ಅಡುಗೆಮನೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿದ. ಒಂದು ಕಣ್ಣು ಮುಚ್ಚಿಸಿ ಓದಿಸಿದ, ಆಮೇಲೆ ಇನ್ನೊಂದು.

"ಶುಕ್ರವಾರ. ರಾಹುಕಾಲ ಹತ್ತೂವರೆಯಿಂದ ಹನ್ನೆರಡು."

"ಅದಕ್ಕಿಂತ ಸಣ್ಣ ಅಕ್ಷರ ಇಲ್ವ?"

"ಕೆಳಗೆ ಪ್ರೆಸ್ಸಿನ ಫೋನ್ ನಂಬರ್ ಉಂಟು. ಅದನ್ನೂ ಓದ್ಬೇಕಾ ಅಜ್ಜ?"

"ಓದು."

ಅವಳು ಓದಿದಳು. ಸುಲತಾ ಹಿಂದೆ ನಿಂತು ಒಂದೊಂದೇ ಅಂಕಿ ತಾಳೆ ನೋಡಿ, ಎಲ್ಲವೂ ಸರಿಯಿದೆ ಎಂದಳು. ಬೀರಣ್ಣ ಕುರ್ಚಿಯಲ್ಲಿ ಕೂತು ಚಹಾ ಕುಡಿದ.